ಹತ್ತು ದಿನದ ಮೌನ ಮತ್ತು ಒಂದು ಫೋನ್ ಕಾಲ್

ಇದನ್ನು ಬರೆಯಬೇಕು ಅಂದುಕೊಂಡು ತುಂಬಾ ದಿನವಾಯಿತು. ಪ್ರತಿ ಸಲ ನಾಲ್ಕು ಸಾಲು ಕುಟ್ಟುವುದು, ಅಳಿಸುವುದು, ಎದ್ದು ಹೋಗಿ ಕಾಫಿ ಕುಡಿಯುವುದು. ಇವತ್ತು ಭಾನುವಾರ, ಮನೆಯಲ್ಲಿ ಯಾರೂ ಇಲ್ಲ, ಹೊರಗೆ ಮಳೆ. ತಪ್ಪಿಸಿಕೊಳ್ಳಲು ಬೇರೆ ನೆಪ ಸಿಗದ ಕಾರಣ ಬರೆಯುತ್ತಿದ್ದೇನೆ.

ನಮ್ಮೂರ ಮನೆಯ ಕಂಬಗಳ ಬಗ್ಗೆ ಹಿಂದೊಮ್ಮೆ ಇಲ್ಲೇ ಬರೆದಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ, ಜಗಲಿಯಲ್ಲಿ ಹಲಸಿನ ಮರದ ನಾಲ್ಕು ಕಂಬ. ಅಜ್ಜ ಒರಗಿ ಕೂತು ಕೂತು ಒಂದು ಕಂಬದ ಒಂದು ಬದಿ ಕನ್ನಡಿಯ ಹಾಗೆ ನುಣ್ಣಗಾಗಿತ್ತು. 2015ರ ಬೇಸಿಗೆಯಲ್ಲಿ ಅಣ್ಣ ಆ ಮನೆ ಮುರಿಸಿ ತಾರಸಿ ಮನೆ ಕಟ್ಟಿಸಿದ. ಕಂಬಗಳನ್ನು, ಬಾಗಿಲುವಾಡವನ್ನು ಹಳೇ ಮನೆ ಸಾಮಾನು ಕೊಳ್ಳುವವರಿಗೆ ಮಾರಿದ. "ನನ್ನನ್ನೊಂದು ಮಾತೂ ಕೇಳಲಿಲ್ಲ" ಅಂತ ನಾನು ಬರೆದಿದ್ದೆ. ನೀವೆಲ್ಲ ಓದಿ ಮರುಗಿದಿರಿ, ನಿಮ್ಮ ನಿಮ್ಮ ಊರ ಮನೆಗಳನ್ನು ನೆನೆದಿರಿ. ಒಬ್ಬರಂತೂ "ಮನೆಯಲ್ಲಿದ್ದವರಿಗೆ ಮನೆಯ ಬೆಲೆ ಗೊತ್ತಿರಲ್ಲ ಬಿಡಿ" ಅಂದಿದ್ದರು. ಅದನ್ನು ಓದಿ ನನಗೆಷ್ಟು ಹಿತವಾಗಿತ್ತು ಅಂದರೆ, ಮೂರ್ನಾಲ್ಕು ಸಲ ಮತ್ತೆ ಮತ್ತೆ ಓದಿದ್ದೆ!

ಆ ಬರಹಕ್ಕೊಂದು ತಿದ್ದುಪಡಿ ಇದೆ. ಅದನ್ನು ಹೇಳಬೇಕಾದರೆ ಧ್ಯಾನ ಶಿಬಿರಕ್ಕೆ ಹೋಗಿದ್ದರಿಂದ ಶುರು ಮಾಡಬೇಕು.

ಹೋಗಿದ್ದು ಆತ್ಮಜ್ಞಾನಕ್ಕೇನೂ ಅಲ್ಲ ಸ್ವಾಮೀ, ನಿದ್ದೆಗೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ಗೆಳೆಯನೊಬ್ಬ "ವಿಪಶ್ಯನಕ್ಕೆ ಹೋಗು" ಅಂದ. ಹತ್ತು ದಿನ ಮಾತಿಲ್ಲ, ಫೋನಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ ಅಂತ ಕೇಳಿ ಹೆಂಡತಿ ಬಿದ್ದು ಬಿದ್ದು ನಕ್ಕಳು. "ನೀವು? ಹತ್ತು ದಿನ? ಬಾಯಿ ಮುಚ್ಕೊಂಡು?" ಆ ಮೂರು ಪ್ರಶ್ನೆಗಳ ಹಟಕ್ಕೇ ನಾನು ಅರ್ಜಿ ತುಂಬಿದ್ದು. 2023ರ ಡಿಸೆಂಬರ್‌ನಲ್ಲಿ ತುಮಕೂರು ರಸ್ತೆ ಹಿಡಿದು, ಆಲೂರಿನ ಧಮ್ಮ ಪಫುಲ್ಲ ಕೇಂದ್ರಕ್ಕೆ ಒಂದು ಬ್ಯಾಗು ಹೊತ್ತು ಹೋದೆ. ಫೋನು, ಪೆನ್ನು, ಪುಸ್ತಕ ಎಲ್ಲ ಕೊಟ್ಟು ರಸೀದಿ ತಗೊಂಡು ಒಳಗೆ ನಡೆದಾಗ ಜೇಬು ಎಷ್ಟು ಹಗುರ ಅನ್ನಿಸಿತೋ ಮನಸ್ಸು ಅಷ್ಟೇ ಭಾರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ನಾಲ್ಕೂವರೆಯಿಂದ ಆರೂವರೆ ತನಕ ಧ್ಯಾನ. ಆಮೇಲೆ ತಿಂಡಿ, ಮತ್ತೆ ಧ್ಯಾನ, ಹನ್ನೊಂದಕ್ಕೆ ಊಟ, ಒಂದರಿಂದ ಐದರ ತನಕ ಮತ್ತೆ ಧ್ಯಾನ. ಸಂಜೆ ಐದಕ್ಕೆ ಟೀ ಮತ್ತು ಒಂಚೂರು ತಿನ್ನುವುದಕ್ಕೆ. ಹಿಂದೆ ಶಿಬಿರ ಮಾಡಿದವರಿಗೆ ಅದೂ ಇಲ್ಲ. ರಾತ್ರಿ ಊಟವೇ ಇಲ್ಲ. ಆರರಿಂದ ಏಳು ಧ್ಯಾನ, ನಂತರ ರೆಕಾರ್ಡ್ ಮಾಡಿದ ಪ್ರವಚನ, ಒಂಬತ್ತೂವರೆಗೆ ದೀಪ ಆರಿಸುವುದು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ಹತ್ತು ಗಂಟೆ ಕಣ್ಣು ಮುಚ್ಚಿ ಕೂರುವುದು. ಶುಲ್ಕವಿಲ್ಲ. ಶಿಬಿರ ಮುಗಿಸಿದವರಿಂದ ಮಾತ್ರ, ಅವರಾಗಿ ಕೊಟ್ಟರೆ, ದಾನ ತಗೊಳ್ಳುತ್ತಾರೆ.

ಪ್ರವಚನದಲ್ಲಿ ಬರುವವರು ಎಸ್. ಎನ್. ಗೋಯೆಂಕಾ. 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ, ಮಾರವಾಡಿ ಮನೆತನದ ವ್ಯಾಪಾರಿ. ತಡೆಯಲಾರದ ಮೈಗ್ರೇನ್ ಇತ್ತಂತೆ. ಊ ಬಾ ಖಿನ್ ಅನ್ನುವ ಗುರುಗಳ ಹತ್ತಿರ ಹೋದರೆ ಅವರು ಮೊದಲಿಗೆ, ತಲೆನೋವಿಗೆ ಔಷಧಿ ಅಂತ ಬಂದಿದ್ದರೆ ಇದು ನಿಮಗಲ್ಲ ಅಂದುಬಿಟ್ಟರಂತೆ. ಆ ಗುರುಗಳು ಸನ್ಯಾಸಿಯಲ್ಲ, ಬರ್ಮಾ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದವರು. ಕೊನೆಗೆ 1955ರಲ್ಲಿ ಗೋಯೆಂಕಾ ಕಲಿತರು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು. ಮಹಾರಾಷ್ಟ್ರದ ಇಗತ್‌ಪುರಿಯ ಕೇಂದ್ರ 1976ರಿಂದ ನಡೆಯುತ್ತಿದೆ. 1994ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಒಟ್ಟಿಗೆ ಶಿಬಿರ ನಡೆಸಿದ್ದರು. 2013ರಲ್ಲಿ ತೀರಿಕೊಂಡರು. ನಿದ್ದೆಗೆ ಔಷಧಿ ಹುಡುಕಿಕೊಂಡು ಬಂದವನಿಗೆ ಆ ತಲೆನೋವಿನ ಕಥೆ ಕೇಳಿ ಸ್ವಲ್ಪ ಮುಜುಗರವಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಮೊದಲ ಮೂರೂವರೆ ದಿನ ಕೆಲಸ ಒಂದೇ. ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬರುವುದನ್ನು, ಹೋಗುವುದನ್ನು ಗಮನಿಸುವುದು. ಉಸಿರನ್ನು ಎಳೆಯಬಾರದು, ಹಿಡಿಯಬಾರದು, ಮಂತ್ರ ಹೇಳಬಾರದು, ಯಾವ ಮೂರ್ತಿಯನ್ನೂ ಕಲ್ಪಿಸಿಕೊಳ್ಳಬಾರದು. ಕೇಳಲು ಎಷ್ಟು ಸುಲಭ! ಹತ್ತು ಉಸಿರು ಪೂರ್ತಿ ಗಮನಿಸಲು ನನಗೆ ಎರಡು ದಿನ ಬೇಕಾಯಿತು. ನಾಲ್ಕನೇ ಉಸಿರಿಗೆ ಆಫೀಸಿನ ಅಪ್ರೈಸಲ್, ಐದಕ್ಕೆ ಮಗಳ ಫೀಸು, ಆರಕ್ಕೆ ಎಂದೋ ಕೇಳಿದ ಜಾಹೀರಾತಿನ ಹಾಡು. ಪಕ್ಕದವರ ತೇಗಿನ ಮೇಲೆ ಸಿಟ್ಟು. ಮಂಡಿಯಲ್ಲಿ ಯಾರೋ ಮೊಳೆ ಹೊಡೆದ ಹಾಗೆ ನೋವು. ಎರಡನೇ ದಿನ ಮಧ್ಯಾಹ್ನ ಗೇಟಿನ ಕಡೆ ಎರಡು ಸಲ ನಡೆದು ವಾಪಸ್ ಬಂದೆ. ತಡೆದದ್ದು ಅಧ್ಯಾತ್ಮವಲ್ಲ, ಹೆಂಡತಿಯ ಆ ಮೂರು ಪ್ರಶ್ನೆಗಳು.

ನಾಲ್ಕನೇ ದಿನ ಮಧ್ಯಾಹ್ನ ವಿಪಶ್ಯನದ ವಿಧಾನ ಹೇಳಿಕೊಡುತ್ತಾರೆ. ನೆತ್ತಿಯಿಂದ ಕಾಲ್ಬೆರಳ ತನಕ, ಮೈಯ ಒಂದೊಂದು ಭಾಗದಲ್ಲಿ ಏನು ಅನ್ನಿಸುತ್ತಿದೆ ಅಂತ ನೋಡುತ್ತಾ ಹೋಗುವುದು. ಬಿಸಿ, ತಂಪು, ತುರಿಕೆ, ಜುಮುಜುಮು, ನೋವು, ಏನಿದ್ದರೆ ಅದು. ಹಿತವಾದದ್ದು ಬಂದರೆ ಇನ್ನೂ ಬೇಕು ಅನ್ನಬಾರದು, ನೋವಾದರೆ ಯಾವಾಗ ಹೋಗುತ್ತದೋ ಅನ್ನಬಾರದು. ಬಂದದ್ದು ಹೋಗುತ್ತದೆ ಅನ್ನುವುದನ್ನು ಮೈಯಲ್ಲೇ ಕಾಣುವುದು. ಅಂದಿನಿಂದ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈ ಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರುವ 'ಅಧಿಷ್ಠಾನ'.

ಇಲ್ಲಿ ಎರಡು ಪದಗಳು ನನ್ನ ತಲೆ ಹೊಕ್ಕವು. ಪುಸ್ತಕ ಇಲ್ಲದಿದ್ದರೆ ನಮ್ಮಂಥವರು ಪದಗಳನ್ನೇ ಜಗಿಯುತ್ತೇವಲ್ಲ! ಒಂದು 'ವೇದನಾ'. ಪಾಳಿಯಲ್ಲಿ ಅದು ಎಲ್ಲ ಬಗೆಯ ಅನುಭವಕ್ಕೂ ಹೇಳುವ ಮಾತು. ಸುಖದ್ದೂ ವೇದನೆಯೇ, ದುಃಖದ್ದೂ, ಎರಡೂ ಅಲ್ಲದ್ದೂ. ನಾವು ಕನ್ನಡದಲ್ಲಿ ನೋವಿಗೆ ಮಾತ್ರ ಆ ಪದ ಉಳಿಸಿಕೊಂಡಿದ್ದೇವೆ. ಇನ್ನೊಂದು 'ಉಪೇಕ್ಷಾ'. ಅಲ್ಲಿ ಅದರ ಅರ್ಥ ಸಮಭಾವ, ಪಕ್ಷ ವಹಿಸದೆ ಹತ್ತಿರದಿಂದ ನೋಡುವುದು. ನಮ್ಮಲ್ಲಿ ಉಪೇಕ್ಷೆ ಅಂದರೆ ಕಡೆಗಣಿಸುವುದು. ಒಂದೇ ಪದ, ಎರಡು ದಾರಿ. ಆವಾಗ ಇದು ಬರೀ ಪದದ ಆಟ ಅನ್ನಿಸಿತ್ತು. ಊರಿನ ವಿಷಯದಲ್ಲಿ ನಾನು ಇಷ್ಟು ವರ್ಷ ಯಾವ ಉಪೇಕ್ಷೆ ಮಾಡುತ್ತಾ ಬಂದಿದ್ದೆ ಅಂತ ಹೊಳೆದದ್ದು ಆಮೇಲೆ.

ಆರನೇ ದಿನ, ಮಧ್ಯಾಹ್ನ ಎರಡೂವರೆಯ ಅಧಿಷ್ಠಾನ. ಎಡ ಭುಜದ ಮೇಲೆ ಒಂದು ಬಿಗಿತ. ಅದನ್ನೇ ನೋಡುತ್ತಾ ಕೂತಿದ್ದೆ. ಯಾಕೋ ಆ ಬಿಗಿತದ ಜೊತೆ ಕಂಬಗಳು ಬಂದವು. ಅದೇನು ಹೊಸದಲ್ಲ, ರಾತ್ರಿ ಎರಡಕ್ಕೆ ಎಚ್ಚರವಾದಾಗಲೂ ಬಹಳ ಸಲ ಬರುತ್ತಿದ್ದದ್ದು ಅವೇ. ನನ್ನ ಹತ್ತಿರ ಆ ಕಥೆ ಸಿದ್ಧವಾಗಿತ್ತು: ಅಣ್ಣ ಕೇಳಲಿಲ್ಲ, ಮಾರಿದ, ನನಗೆ ಅನ್ಯಾಯವಾಯಿತು. ಆದರೆ ಆವತ್ತು ಕಥೆ ಮುಂದೆ ಹೋಗಲಿಲ್ಲ. ಅದರ ಬದಲು ಒಂದು ಗಾಜಿನ ಬಾಗಿಲು ಬಂತು. ನಮ್ಮ ಹಳೇ ಆಫೀಸಿನ ಮೀಟಿಂಗ್ ರೂಮಿನದು. ನನ್ನ ಕೈಯಲ್ಲಿ ಹಸಿರು ಮಾರ್ಕರ್ ಪೆನ್ನು. ಫೋನಿನಲ್ಲಿ 'ಮನೆ' ಅಂತ ಹೆಸರು. ನಾನು ಬಾಗಿಲಾಚೆ ಬಂದು, ಒಳಗಿದ್ದವರಿಗೆ ಒಂದು ನಿಮಿಷ ಅಂತ ಬೆರಳು ತೋರಿಸಿ, ಹೇಳುತ್ತಿದ್ದೇನೆ:

"ಇಟ್ಕೊಂಡು ನಾನೇನ್ ಮಾಡ್ಲಿ? ಬೆಂಗ್ಳೂರಲ್ಲಿ ಕಂಬ ಇಡೋಕೆ ಜಾಗ ಎಲ್ಲಿದೆ? ಕೊಟ್ಟುಬಿಡಿ ಅತ್ಲಾಗೆ."

ಅಷ್ಟೇ. ಮುಕ್ಕಾಲು ನಿಮಿಷವೂ ಇಲ್ಲ.

ಅಲುಗಾಡುವಂತಿಲ್ಲವಲ್ಲ! ಎದ್ದು ಹೋಗುವಂತಿಲ್ಲ, ಫೋನು ತೆಗೆದು ಏನಾದರೂ ನೋಡುವಂತಿಲ್ಲ, ಯಾರ ಹತ್ತಿರವೂ ಹೇಳಿಕೊಂಡು 'ಬಿಡಿ, ನಿಮ್ಮದೇನು ತಪ್ಪು' ಅನ್ನಿಸಿಕೊಳ್ಳುವಂತಿಲ್ಲ. ಕಿವಿಯ ತುದಿಯಿಂದ ಕುತ್ತಿಗೆ ತನಕ ಬಿಸಿ ಇಳಿಯಿತು. ಇದು ನಾಚಿಕೆಯ 'ವೇದನಾ' ಅಂತ ಗುರುತು ಸಿಕ್ಕಿತು. ನನ್ನನ್ನು ಕೇಳಿದ್ದರು. ಬೇಡ ಅಂದವನು ನಾನೇ. ಆಮೇಲೆ ಊರಿಗೆ ಹೋಗಿ ಖಾಲಿ ಜಗಲಿ ನೋಡಿದಾಗ ಹೊಟ್ಟೆ ಉರಿದಿದ್ದು ನಿಜ. ಉರಿದ ಹೊಟ್ಟೆಗೊಬ್ಬ ಅಪರಾಧಿ ಬೇಕಿತ್ತು. ಆ ಫೋನನ್ನು ಮರೆತುಬಿಟ್ಟರೆ ಅಪರಾಧಿ ಅಣ್ಣನಾಗುತ್ತಿದ್ದ. ಮರೆತೆ. ಸುಳ್ಳು ಹೇಳಿದೆ ಅಂತಲ್ಲ. ಎಂಟು ವರ್ಷ ಅದನ್ನೇ ನಿಜವೆಂದು ನಂಬಿದ್ದೆ. ಅದೇ ಹೆಚ್ಚು ಭಯ ಹುಟ್ಟಿಸಿದ್ದು. ಬೇಕೆಂದು ಹೇಳಿದ ಸುಳ್ಳಾದರೆ ಹೇಳಿದವನಿಗಾದರೂ ಗೊತ್ತಿರುತ್ತದೆ.

ಅದರ ಹಿಂದೆಯೇ ಇನ್ನೊಂದು ಬಂತು. 2019ರಲ್ಲಿ ಅಮ್ಮ ಹೋದಳು. ಕ್ರಿಯೆಗಳೆಲ್ಲ ಮುಗಿದ ದಿನ, ನೆಂಟರೆಲ್ಲ ಊಟ ಮಾಡಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಅಣ್ಣ ಅಮ್ಮನ ಎರಡು ಬಳೆ ತಂದು, "ಇದನ್ನೇನು ಮಾಡೋಣ, ನೀನೇ ಹೇಳು" ಅಂದ. ನಾನು ಎಲ್ಲರಿಗೂ ಕೇಳುವಂತೆ, "ಯಾವುದನ್ನ ನನ್ನ ಕೇಳಿ ಮಾಡಿದೀಯ ಅಂತ ಇದನ್ನ ಕೇಳ್ತೀಯ?" ಅಂದಿದ್ದೆ. ಅಣ್ಣ ಏನೂ ಹೇಳದೆ ಬಳೆಗಳನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಕೊಟ್ಟಿಗೆ ಕಡೆ ಹೋದ. ಅವನು ಸುಮ್ಮನಿದ್ದದ್ದೇ ಅವನ ತಪ್ಪಿಗೆ ಸಾಕ್ಷಿ ಅಂತ ನಾನು ತಿಳಿದಿದ್ದೆ.

ಮರುದಿನ ಊಟದ ನಂತರ ಆಚಾರ್ಯರನ್ನು ಕಾಣಲು ಅವಕಾಶವಿತ್ತು. ಮೌನದಲ್ಲೂ ಅವರ ಹತ್ತಿರ ಮಾತಾಡಬಹುದು. ಹೀಗೆ ಹಳೆಯದೊಂದು ನೆನಪಾಯಿತು, ಅದರ ಬಗ್ಗೆ ಯೋಚನೆ ಮಾಡಲೇ ಅಂತ ಕೇಳಿದೆ. ಬಂದದ್ದನ್ನು ಓಡಿಸಬೇಡಿ, ಅದರ ಹಿಂದೆಯೂ ಹೋಗಬೇಡಿ, ಮೈಯಲ್ಲಿ ಏನಾಗುತ್ತಿದೆ ನೋಡಿ ಅಂದರು. ಆಗ ಸ್ವಲ್ಪ ಬೇಸರವಾಯಿತು. ನಾನು ಇಷ್ಟು ದೊಡ್ಡ ವಿಷಯ ಕಂಡುಹಿಡಿದಿದ್ದೇನೆ, ಇವರು ನೋಡಿದರೆ ಮೈ ನೋಡು ಅನ್ನುತ್ತಾರಲ್ಲ! ಆದರೆ ಯೋಚಿಸುತ್ತಾ ಹೋದರೆ ನಾನೇನು ಮಾಡುತ್ತಿದ್ದೆ ಗೊತ್ತಾ? ಹೊಸ ಕಥೆ ಹೆಣೆಯುತ್ತಿದ್ದೆ. ಮೊದಲಿನದರಲ್ಲಿ ನಾನು ಅನ್ಯಾಯಕ್ಕೊಳಗಾದವನು, ಇದರಲ್ಲಿ ಪಶ್ಚಾತ್ತಾಪಪಡುವ ದೊಡ್ಡ ಮನಸ್ಸಿನವನು. ಎರಡರಲ್ಲೂ ಹೀರೋ ಒಬ್ಬನೇ!

ಹತ್ತನೇ ದಿನ ಬೆಳಿಗ್ಗೆ ಮೌನ ಮುಗಿಯಿತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದಾಗ ಬಸ್ ಸ್ಟ್ಯಾಂಡಿಗೆ ಬಂದ ಹಾಗಾಯಿತು. ಹನ್ನೊಂದನೇ ದಿನ ಬೆಳಿಗ್ಗೆ ಫೋನು ಕೈಗೆ ಬಂತು. ಅಣ್ಣನಿಗೆ ಮೆಸೇಜ್ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಸಂಕ್ರಾಂತಿಗೆ ರಜೆ ಹಾಕಿ ಊರಿಗೇ ಹೋದೆ.

ಅಣ್ಣ ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆ ಕೈಯಾಡಿಸುತ್ತಿದ್ದ. ನಾನೂ ಪಕ್ಕ ಕೂತೆ. ಎಷ್ಟು ಹೊತ್ತು ಅಂತ ಅಡಿಕೆ ರೇಟಿನ ಬಗ್ಗೆ ಮಾತಾಡುವುದು? ಕೊನೆಗೆ ಹೇಳಿದೆ.

"ಅಣ್ಣ, ಕಂಬದ ವಿಷಯ. ನೀನು ಅವತ್ತು ಫೋನ್ ಮಾಡಿ ಕೇಳಿದ್ದೆ. ನಾನೇ ಬೇಡ ಅಂದಿದ್ದೆ. ನಂಗೆ ಮರ್ತೇ ಹೋಗಿತ್ತು."

ಅವನು ತಲೆ ಎತ್ತದೆ, "ನಾನೆಲ್ಲಿ ಮಾಡಿದ್ದೆ?" ಅಂದ.

ನನಗೆ ಗಾಬರಿ. "ಇಲ್ಲ, ಮಾಡಿದ್ದೆ. ನಾನು ಮೀಟಿಂಗಲ್ಲಿದ್ದೆ..."

"ನಾನಲ್ಲ ಮಾರಾಯ, ಅಮ್ಮ ಮಾಡಿದ್ದು. ಅಜ್ಜನ ಕಂಬ ಒಂದಾದ್ರೂ ಅವನಿಗೆ ಇಡೋಣ, ಮುಂದೆ ಮನೆ ಕಟ್ಟಿದ್ರೆ ಬೇಕಾಗತ್ತೆ ಅಂತ ಫೋನ್ ಹಚ್ಚಿದ್ಲು. ಬೇಡ ಅಂದ್ನಂತೆ, ಮಾರಿಬಿಡು ಅಂತ ಬಂದು ಹೇಳಿದ್ಲು. ಪಕಾಸಿನ ಜೊತೆ ಅವನ್ನೂ ಕೊಟ್ಟೆ. ಒರಲೆ ಹಿಡಿದಿತ್ತು, ಜಾಸ್ತಿ ದುಡ್ಡೂ ಬರ್ಲಿಲ್ಲ."

ಎಲ್ಲವೂ ನೆನಪಿತ್ತು ನನಗೆ. ಗಾಜಿನ ಬಾಗಿಲು, ಹಸಿರು ಪೆನ್ನು, ನನ್ನ ಒಂದೊಂದು ಮಾತು. ಆ ಕಡೆಯ ಧ್ವನಿ ಮಾತ್ರ ಇರಲಿಲ್ಲ. ಅದು ಯಾರದಿರಬಹುದು ಅಂತ ನಾನು ಹುಡುಕಲೂ ಇಲ್ಲ. ಜಗಳ ಅಣ್ಣನ ಜೊತೆ ಇತ್ತಲ್ಲ, ಧ್ವನಿಯೂ ಅವನದೇ ಅಂತ ಇಟ್ಟುಕೊಂಡುಬಿಟ್ಟೆ. ಮೌನದಲ್ಲಿ ಕೂತು ಕಂಡದ್ದರಲ್ಲೂ ನನಗೆ ಕೇಳಿಸಿದ್ದು ನನ್ನ ಧ್ವನಿ ಒಂದೇ.

"ಅಮ್ಮ ಬೇಜಾರು ಮಾಡ್ಕೊಂಡ್ಲಾ?" ಅಂತ ಕೇಳಿದೆ.

"ಅದೆಲ್ಲ ನಂಗೆ ಗೊತ್ತಿಲ್ಲ. ಕೆಲಸದವರಿಗೆ ಊಟಕ್ಕಾಗ್ಬೇಕಿತ್ತು, ಒಳಗೆ ಹೋದ್ಲು."

ಇನ್ನು ಅವಳನ್ನು ಕೇಳುವ ಹಾಗಿಲ್ಲ.

ಸ್ವಲ್ಪ ಹೊತ್ತು ಬಿಟ್ಟು, "ಅಮ್ಮನ ಕಾರ್ಯದ ದಿನ ಎಲ್ಲರೆದುರು ಹಾಗಂದ್ನಲ್ಲ, ಅವತ್ತೇ ಯಾಕೆ ಹೇಳ್ಲಿಲ್ಲ?" ಅಂದೆ.

"ಅಷ್ಟು ಜನರ ಎದುರಿಗೆ ನಿನ್ನ ಮರ್ಯಾದೆ ಯಾಕೆ ತೆಗೀಲಿ?" ಅಂದ. ಆಮೇಲೆ ಮೊದಲ ಸಲ ನನ್ನ ಮುಖ ನೋಡಿ, "ಇದನ್ನ ತಿಳ್ಕೊಳ್ಳೋಕೆ ಹತ್ತು ದಿನ ಕಣ್ಣು ಮುಚ್ಕೊಂಡು ಕೂತಿದ್ಯಾ? ಒಂದು ಫೋನ್ ಮಾಡಿದ್ರೆ ನಾನೇ ಹೇಳ್ತಿದ್ನಲ್ಲೋ!" ಅಂದ. ಅತ್ತಿಗೆ ಒಳಗಿಂದಲೇ ನಕ್ಕಿದ್ದು ಕೇಳಿಸಿತು.

ಅಣ್ಣ ಹೇಳಿದ್ದು ಪೂರ್ತಿ ಸರಿಯಾ? ನನಗೆ ಹಾಗನ್ನಿಸುವುದಿಲ್ಲ. ಅವನಿಗೆ ಫೋನ್ ಮಾಡಿ ಕೇಳಬೇಕು ಅಂತ ನನಗನ್ನಿಸಬೇಕಾದರೆ, ಕೇಳಬೇಕಾದದ್ದು ಏನೋ ಇದೆ ಅಂತ ಮೊದಲು ಗೊತ್ತಾಗಬೇಕಿತ್ತು. ನನ್ನ ಕಥೆಯಲ್ಲಿ ಪ್ರಶ್ನೆಯೇ ಇರಲಿಲ್ಲ, ಬರೀ ತೀರ್ಪಿತ್ತು. ಅದರಲ್ಲೊಂದು ಬಿರುಕು ಕಾಣಿಸಿದ್ದು ಅಲುಗಾಡದೆ ಕೂತ ಆ ಒಂದು ಗಂಟೆ. ಆದರೆ ಧ್ಯಾನ ಮಾಡಿಬಿಟ್ಟರೆ ನಮ್ಮೊಳಗಿನ ಸತ್ಯವೆಲ್ಲ ಕನ್ನಡಿಯಂತೆ ಕಾಣುತ್ತದೆ ಅನ್ನುವವರ ಮಾತನ್ನೂ ನಾನೀಗ ನಂಬುವುದಿಲ್ಲ. ಕಣ್ಣು ಮುಚ್ಚಿದಾಗ ನನಗೆ ಸಿಕ್ಕಿದ್ದು ಅರ್ಧ. ಇನ್ನರ್ಧ ಅಣ್ಣನ ಹತ್ತಿರ ಇತ್ತು. ಅಲ್ಲಿಗೆ ಹೋಗದೆ ಇದ್ದಿದ್ದರೆ ಆ ಅರ್ಧವನ್ನೇ ಆತ್ಮಜ್ಞಾನ ಅಂತ ಹೆಸರಿಟ್ಟು, ಇಲ್ಲಿ ಚಂದವಾಗಿ ಬರೆದು, ನಿಮ್ಮಿಂದ ಭೇಷ್ ಅನ್ನಿಸಿಕೊಳ್ಳುತ್ತಿದ್ದೆ.

ಯಾರಾದರೂ ಹೋಗುವವರಿದ್ದರೆ ಒಂದು ಮಾತು. ಇದು ಚಿಕಿತ್ಸೆಯಲ್ಲ. ಖಿನ್ನತೆಯಂಥ ತೊಂದರೆ ಇದ್ದು ಮಾತ್ರೆ ತಗೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಹೊರಡಬೇಡಿ. ಅರ್ಜಿಯಲ್ಲೂ ಅದರ ಬಗ್ಗೆ ಕೇಳುತ್ತಾರೆ, ಮುಚ್ಚಿಡಬೇಡಿ. ಹತ್ತು ದಿನ ಮನಸ್ಸಿನ ಜೊತೆ ಒಬ್ಬರೇ ಇರುವುದು ಎಲ್ಲರಿಗೂ ಎಲ್ಲ ಕಾಲಕ್ಕೂ ಆಗುವ ಕೆಲಸವಲ್ಲ.

ನನ್ನ ನಿದ್ದೆಯ ವಿಷಯಕ್ಕೆ ಬಂದರೆ, ಈಗಲೂ ಕೆಲವು ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕು ಅಂತ ಅಲ್ಲಿ ಹೇಳಿ ಕಳಿಸುತ್ತಾರೆ. ನಾನು ಬೆಳಿಗ್ಗೆ ಇಪ್ಪತ್ತು ನಿಮಿಷ ಕೂರುತ್ತೇನೆ, ಅದರಲ್ಲಿ ಹದಿನೈದು ನಿಮಿಷ ಆಫೀಸಿನಲ್ಲೇ ಇರುತ್ತೇನೆ. ಉಳಿದ ಐದು ನಿಮಿಷದಲ್ಲಿ ಒಮ್ಮೊಮ್ಮೆ ಆ ಫೋನ್ ಕಾಲ್ ಬರುತ್ತದೆ. ಆ ಕಡೆಯಿಂದ ಅಮ್ಮ ಏನೆಂದಳು ಅಂತ ಕೇಳಿಸಿಕೊಳ್ಳಲು ನೋಡುತ್ತೇನೆ. ಇಲ್ಲ, ಇನ್ನೂ ಕೇಳಿಸಿಲ್ಲ. ಈಗ ಕಲ್ಪಿಸಿಕೊಂಡು ತುಂಬಿಸುವುದೂ ಇಲ್ಲ.

ಆ ಹಳೇ ಬರಹವನ್ನು ತೆಗೆದುಹಾಕಲೇ ಅಂತ ಯೋಚಿಸಿದೆ. ಬೇಡ ಅನ್ನಿಸಿತು, ಹಾಗೇ ಇರಲಿ. ಅದರ ಕೊನೆಗೆ ಒಂದೇ ಸಾಲು ಸೇರಿಸಿದ್ದೇನೆ: 'ನನ್ನನ್ನು ಕೇಳಿದ್ದರು. ಕೇಳಿದ್ದು ಅಮ್ಮ. ಬೇಡ ಅಂದವನು ನಾನು.'

ಮಳೆ ನಿಂತಿದೆ. ಅಣ್ಣನಿಗೊಂದು ಫೋನ್ ಮಾಡಬೇಕು. ವಿಷಯವೇನೂ ಇಲ್ಲ, ಸುಮ್ಮನೆ.